ತಂಗಿಯ ಕೈಮಾತಿಗೊಂದು ಕಂಪ್ಯೂಟರ್

ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಮನೆಯವರಿಗೆ ಅದು ಖಚಿತವಾಗುವ ಹೊತ್ತಿಗೆ ನಾವಿಬ್ಬರೂ ಕೈಯಿಂದ ಮಾತಾಡಲು ಶುರು ಮಾಡಿ ಬಹಳ ದಿನಗಳಾಗಿದ್ದವು. ಯಾರೂ ಕಲಿಸಿದ್ದಲ್ಲ. ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ವೀಳ್ಯದೆಲೆಯ ಕಟ್ಟು ಬಿಚ್ಚಿಕೊಂಡು ಕೂತು, ಹೆಬ್ಬೆರಳಿನಿಂದ ಎಲೆ ಸರಿಸುತ್ತ ಎಣಿಸುತ್ತಿದ್ದ. ತಂಗಿ ಗಾಳಿಯಲ್ಲಿ ಹಾಗೆ ಹೆಬ್ಬೆರಳು ಸರಿಸಿದರೆ ಅಪ್ಪ ಎಂದರ್ಥ. ಸೆರಗಿಗೆ ಒದ್ದೆ ಕೈ ಒರೆಸಿಕೊಂಡಂತೆ ಮಾಡಿದರೆ ಅವ್ವ. ನನ್ನ ಗದ್ದದ ಮೇಲೊಂದು ಮಚ್ಚೆಯಿದೆ. ಗದ್ದ ಮುಟ್ಟಿದರೆ ನಾನು. ಊರಿನ ದೊಡ್ಡಹುಣಸೆ ಮರವನ್ನು ತಬ್ಬಲು ಹೋಗಿ ಕೈ ಸಾಲದವಳಂತೆ ಎರಡೂ ತೋಳು ಚಾಚಿದರೆ ‘ಬಹಳ ಹಳೆಯದು’. ಸದಾ ಜಗಳ ತೆಗೆಯುವ ಪಕ್ಕದ ಮನೆಯ ಕಾಕಿಗೆ ಕೋಳಿ ಕಾಳು ಕುಕ್ಕುವ ಸನ್ನೆ. ಕಾಕಿ ಎದುರಿಗೇ ನಿಂತಿದ್ದರೂ ನಾವು ಅವಳ ಬಗ್ಗೆ ಧೈರ್ಯವಾಗಿ ಮಾತಾಡುತ್ತಿದ್ದೆವು.

ಊರ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಅವಳು ಅಕ್ಷರ ತಿದ್ದಿದಳು. ಬೋರ್ಡು ಓದುವಷ್ಟು, ಸಣ್ಣ ಸಣ್ಣ ವಾಕ್ಯ ಬರೆಯುವಷ್ಟು ಕಲಿತಳು. ದೂರದ ಊರಿನ ಕಿವುಡ ಮಕ್ಕಳ ಶಾಲೆಗೆ ಹಾಕಿ ಎಂದು ಯಾರೋ ಹೇಳಿದ್ದರು, ಅವ್ವನಿಗೆ ಬಿಟ್ಟಿರುವ ಮನಸ್ಸಾಗಲಿಲ್ಲ. ಆಮೇಲೆ ಅವಳು ಹೊಲಿಗೆ ಕಲಿತಳು. ಅವಳು ಹೊಲಿದ ಬ್ಲೌಸು ಹಾಕಿಕೊಂಡವರು ಮತ್ತೆ ಬೇರೆ ಕಡೆ ಹೋಗುತ್ತಿರಲಿಲ್ಲ.

ಅವ್ವ ಅಪ್ಪ ಅವಳೊಡನೆ ಬೆರಳು ತೋರಿಸಿ, ತಲೆಯಾಡಿಸಿ ಸಂಸಾರ ನಡೆಸುತ್ತಿದ್ದರು. ಊಟಕ್ಕೆ, ಕೆಲಸಕ್ಕೆ ಅಷ್ಟು ಸಾಕಾಗುತ್ತಿತ್ತು. ಆದರೆ ಕನಸು ಬಿದ್ದದ್ದು, ಸಿಟ್ಟು ಬಂದದ್ದು, ಟಿವಿಯಲ್ಲಿ ಆ ಹೆಂಗಸು ಯಾಕೆ ಅತ್ತಳು ಅನ್ನುವುದು, ಇವೆಲ್ಲ ನನ್ನ ಪಾಲು. ಒಂದೇ ಹಾಸಿಗೆಯ ಮೇಲೆ ಮಲಗಿ, ದೀಪ ಆರಿಸಿದ ಮೇಲೂ ಅವಳು ನನ್ನ ಅಂಗೈ ಹಿಡಿದು ಅದರ ಮೇಲೆಯೇ ಬೆರಳಾಡಿಸಿ ಮಾತು ಮುಗಿಸುತ್ತಿದ್ದಳು.

ನನ್ನನ್ನು ಚಿಕ್ಕೇರೂರಿಗೆ ಕೊಟ್ಟರು. ಮನೆಯವರು ಗೋವಿನಜೋಳ, ಹತ್ತಿ ಬೆಳೆಯುವವರು. ನಾನು ಮದುವೆಗೆ ಮುಂಚೆ ಕಂಪ್ಯೂಟರ್ ಕಲಿತಿದ್ದೆ ಎಂದು ಗಂಡ ಮನೆಯ ಮುಂದಿನ ಕೋಣೆಯಲ್ಲಿ ಒಂದು ಅಂಗಡಿ ಹಾಕಿಕೊಟ್ಟ. ಝೆರಾಕ್ಸು, ಹೊಲದ ಪಹಣಿ ಅಂದರೆ ಉತಾರ ತೆಗೆದುಕೊಡುವುದು, ಅರ್ಜಿ ತುಂಬುವುದು. ಸವಣೂರಿಗೆ ಹೋಗಬೇಕೆಂದರೆ ಹಾನಗಲ್ಲಿಗೆ ಬಂದು, ಬಸ್ಸು ಬದಲಿಸಿ ಬಂಕಾಪುರದ ಮೇಲೆ ಹೋಗಬೇಕು. ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ. ಉಳಿದ ದಿನ ವಿಡಿಯೋ ಕಾಲ್.

ಎಲ್ಲರ ವಿಡಿಯೋ ಕಾಲಿನಲ್ಲಿ ಚಿತ್ರ ನಿಂತರೂ ಧ್ವನಿ ಬರುತ್ತದೆ. ನಮಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಅವಳ ಕೈ ಎಲ್ಲಿಯೋ ಎತ್ತಿದ್ದು ಅಲ್ಲೇ ಉಳಿದು, ಬೆರಳುಗಳು ಮಂಜು ಮಂಜಾಗಿ, ಮತ್ತೆ ಚಿತ್ರ ಬರುವಷ್ಟರಲ್ಲಿ ಅವಳು ಮಾತು ಮುಗಿಸಿ ನನ್ನ ಉತ್ತರಕ್ಕೆ ಕಾಯುತ್ತಿರುತ್ತಿದ್ದಳು. ಒಂದು ಸಲ ಅವಳು ಪಕ್ಕದ ಖಾಲಿ ಹಾಸಿಗೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ ತೋರಿಸಿದಳು. ಅಂಥ ಸನ್ನೆ ನಮ್ಮಲ್ಲಿ ಮೊದಲು ಇರಲಿಲ್ಲ, ಬೇಕಾಗಿರಲಿಲ್ಲ. ಅಂದಿನಿಂದ ಅದು ‘ನಿನ್ನ ನೆನಪಾಗುತ್ತದೆ’ ಎಂಬುದಕ್ಕೆ ಆಯಿತು. ಬೀದಿಯಲ್ಲಿ ನಿಂತು ಫೋನ್ ಮಾಡಿದಾಗಲೂ ಅವಳು ಗಾಳಿಯನ್ನೇ ತಟ್ಟುತ್ತಿದ್ದಳು.

ಅವಳಿಗೆ ಹಾನಗಲ್ಲಿನ ಒಂದು ಸಂಬಂಧ ಬಂತು. ಹುಡುಗನಿಗೂ ಕಿವಿ ಕೇಳದು. ಹುಬ್ಬಳ್ಳಿಯಲ್ಲಿ ಕಿವುಡರ ಶಾಲೆಯಲ್ಲಿ ಓದಿದವನು, ಕಬ್ಬಿಣದ ಕಪಾಟು ತಯಾರಿಸುವ ಶೆಡ್ಡಿನಲ್ಲಿ ಕೆಲಸ. ಹೆಣ್ಣು ನೋಡಲು ಬಂದ ದಿನ ಇಬ್ಬರನ್ನೂ ಎದುರುಬದುರು ಕೂಡಿಸಿದೆವು. ಅವನು ಶಾಲೆಯಲ್ಲಿ ಕಲಿತ ಸಂಜ್ಞೆಯಲ್ಲಿ ಏನೋ ಕೇಳಿದ, ತಂಗಿಗೆ ತಿಳಿಯಲಿಲ್ಲ. ತಂಗಿ ನಮ್ಮ ಸನ್ನೆಯಲ್ಲಿ ಉತ್ತರ ಕೊಟ್ಟಳು, ಅವನಿಗೆ ತಿಳಿಯಲಿಲ್ಲ. ಇಬ್ಬರೂ ನನ್ನ ಮುಖ ನೋಡಿದರು. ಆಮೇಲೆ ಅವನು ಎದ್ದು ನಿಂತು ತನ್ನ ಶೆಡ್ಡನ್ನು ಆಡಿ ತೋರಿಸಿದ. ಸುತ್ತಿಗೆ ಬೀಳುತ್ತಿದೆ, ಒಬ್ಬ ಕಿವಿ ಮುಚ್ಚಿಕೊಳ್ಳುತ್ತಾನೆ, ಇನ್ನೊಬ್ಬ ಅರಚುತ್ತಾನೆ, ಮಾಲೀಕ ಕಿವಿಗೆ ಹತ್ತಿ ತುರುಕುತ್ತಾನೆ, ನಡುವೆ ತಾನೊಬ್ಬ ಅಜ್ಜನ ಹಾಗೆ ನೆಮ್ಮದಿಯಿಂದ ಬಣ್ಣ ಬಳಿಯುತ್ತಿದ್ದಾನೆ. ತಂಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಒಳಗೆ ಬಂದವಳೇ ನನ್ನ ಗದ್ದ ಮುಟ್ಟಿ ಕರೆದು, ಹೂಂ ಅನ್ನು ಎಂದಳು.

ಅವನ ತಾಯಿ ಒಳ್ಳೆಯ ಹೆಂಗಸು. ಚಹಾ ಕುಡಿಯುತ್ತ ನನಗೆ ಹೇಳಿದರು: “ನನ್ನ ಮಗನ ಕೈ ನನಗ ತಿಳಿತೈತ್ರಿ. ಈಕಿ ಕೈ ತಿಳಿಯಂಗಿಲ್ಲ. ಎಲ್ಲಿ ನೋಯಾಕತ್ತೈತಿ, ಏನ್ ಬೇಕಾಗೈತಿ ಅಂತ ಹೆಂಗ ತಿಳ್ಕೊಳ್ಳಿ? ನೀವು ಬಂದು ನಮ್ಮನ್ಯಾಗ ಇರ್ತೀರೇನ್ರಿ, ಅಕ್ಕಾರ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಚಿಕ್ಕೇರೂರಿನ ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ. ಅವಳ ಮಾತು ಬಲ್ಲವಳು ಪ್ರಪಂಚದಲ್ಲಿ ನಾನೊಬ್ಬಳೇ. ಅವಳು ಹೋಗುವ ಮನೆಗೆ ನಾನು ಹೋಗುವಂತಿಲ್ಲ. ಹಾಗಿದ್ದರೆ ಮಾತನ್ನಾದರೂ ಕಳಿಸಬೇಕು. ಒಂದೊಂದೇ ಸನ್ನೆಯನ್ನು ವಿಡಿಯೋ ಮಾಡಿ, ಪಕ್ಕದಲ್ಲಿ ಆ ವಸ್ತು ತೋರಿಸಿ, ಕೆಳಗೆ ಕನ್ನಡದಲ್ಲಿ ಬರೆದು ಕೊಟ್ಟರೆ ಅವಳ ಅತ್ತೆ ಟಿವಿಯ ಮುಂದೆ ಕೂತು ಕಲಿಯಬಹುದು.

ಮೊದಲು ಮೊಬೈಲಿನಲ್ಲೇ ಮಾಡಲು ನೋಡಿದೆ. ಪರದೆ ಎರಡು ಭಾಗ ಮಾಡಿ, ಒಂದು ಕಡೆ ಅವಳು ಕಳಿಸಿದ ವಿಡಿಯೋದ ಕೈ, ಇನ್ನೊಂದು ಕಡೆ ಶುಂಠಿಯೋ ಹಾಲೋ ಇಟ್ಟು ಹತ್ತಿಪ್ಪತ್ತು ಜೋಡಿಸುವಷ್ಟರಲ್ಲಿ ಫೋನು ಕಾದ ಹಂಚಿನಂತಾಗಿ ಮುಚ್ಚಿಕೊಳ್ಳುತ್ತಿತ್ತು. ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ಅದು ಉತಾರ ತೆಗೆಯುವ ಯಂತ್ರ, ಪಾಪ. ಎಡಿಟಿಂಗ್ ತಂತ್ರಾಂಶ ತೆರೆದುಕೊಳ್ಳುವಷ್ಟರಲ್ಲಿ ಒಬ್ಬರ ಅರ್ಜಿ ತುಂಬಿ ಮುಗಿಯುತ್ತಿತ್ತು. ಆಮೇಲೆ ಸಮಯ ಓಡುತ್ತಿತ್ತು, ಚಿತ್ರ ನಿಂತಿರುತ್ತಿತ್ತು. ವಿಡಿಯೋ ಕಾಲಿನಲ್ಲಿ ತಂಗಿಗೆ ಅದನ್ನು ತೋರಿಸಿದೆ. ಪರದೆಯ ಮೇಲೆ ತನ್ನದೇ ಕೈ ನಿಂತಿದ್ದನ್ನು ನೋಡಿ, “ನಿನ್ನ ಡಬ್ಬಿ ತೂಕಡಿಸಾಕತ್ತೈತಿ” ಎಂದು ಕಣ್ಣು ಮುಚ್ಚಿ ತಲೆ ತೂಗಿದಳು.

ಗಂಡನಿಗೆ ಹೇಳಿದೆ. ಅಂಗಡಿಯ ಮೇಲಿನ ಹಳೆ ಪತ್ರಾಸು, ಅಂದರೆ ಚಾವಣಿಯ ತಗಡು, ಬದಲಿಸಲೆಂದು ಆ ಸಲದ ಸುಗ್ಗಿಯಲ್ಲಿ ಒಂದಿಷ್ಟು ತೆಗೆದಿಟ್ಟಿದ್ದೆವು.

“ಪತ್ರಾಸ್ ಇನ್ನೊಂದ್ ಮಳಿಗಾಲ ತಡಿತೈತಿ. ಸೋರೂ ಕಡೆ ಬಕೀಟ ಇಟ್ರಾತು. ಆದ್ರ ಅಷ್ಟ್ರಾಗ ಮುಗಿಸ್ಬೇಕು ಮತ್ತ” ಎಂದ.

ಹಾನಗಲ್ಲಿನಲ್ಲಿ ಮದುವೆ ವಿಡಿಯೋ ಮಾಡುವವನೊಬ್ಬ ಪರಿಚಯದವನು. ಅವನ ಕಂಪ್ಯೂಟರ್ ನೋಡಿ ದಂಗಾದೆ. ಗಾಜಿನ ಪೆಟ್ಟಿಗೆ, ಒಳಗೆ ತಿರುಗುವ ಬಣ್ಣಬಣ್ಣದ ದೀಪ. “ಗ್ರಾಫಿಕ್ಸ್ ಕಾರ್ಡ್ ಇಲ್ದ ಎಡಿಟಿಂಗ್ ಅನ್ನೂದ ಇಲ್ರಿ ಅಕ್ಕಾರ. ನನ್ನ ಹಳೇದೊಂದೈತಿ, ಒಯ್ರಿ” ಎಂದ. ಚಿತ್ರ ಮೂಡಿಸುವ ಕೆಲಸಕ್ಕೆಂದೇ ಇರುವ ಭಾಗವಂತೆ ಅದು. ಕೊಂಡುಕೊಂಡೆ. ಇಟ್ಟಿಗೆಯಷ್ಟು ದಪ್ಪ, ಎರಡು ಫ್ಯಾನು. ಮನೆಗೆ ತಂದು ಅಂಗಡಿಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿದರೆ ಕಾರ್ಡು ಒಳಗೆ ಹಿಡಿಸದು. ಓರೆಯಾಗಿ ಇಟ್ಟರೂ ಮುಚ್ಚಳ ಕೂಡದು. ಗಂಡ ಬಂದು ನೋಡಿ, “ಆಕ್ಸಾ ಬ್ಲೇಡ್ ತರಲೇನು? ಡಬ್ಬಿನ ಕೊರದ ಬಿಡೂಣು” ಎಂದ. ಅವನು ತಮಾಷೆ ಮಾಡುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ತಿಳಿಯದೆ ಕಾರ್ಡನ್ನು ಸೆರಗಿನಲ್ಲಿ ಸುತ್ತಿಟ್ಟೆ.

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಹತ್ತಿರ ಹಳೆಯ ಕಂಪ್ಯೂಟರುಗಳ ಅಂಗಡಿಯೊಂದಿದೆ. ದೊಡ್ಡ ಕಚೇರಿಗಳವರು ಬಳಸಿ ಬಿಟ್ಟವನ್ನು ತಂದು, ಒರೆಸಿ ಮಾರುತ್ತಾರೆ. ಈ ಸಲ ನಾನು ಯಾರ ಮಾತನ್ನೂ ನಂಬುವುದಿಲ್ಲ ಎಂದುಕೊಂಡು ತಂಗಿಯ ಒಂದು ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದೆ. ಅವಳು ಪಕ್ಕದ ಮನೆಯ ಕಾಕಿಗೆ ಬೈಯುವ ವಿಡಿಯೋ. ಅವಳ ಕೈ ಅಷ್ಟು ಬಿರುಸಾಗಿ ಓಡುವುದು ಬೈಯುವಾಗಲೇ.

ಕಾರ್ಡನ್ನು ನೋಡಿ ಅಂಗಡಿಯವನು ನಕ್ಕ. “ಇದು ಡಬ್ಬಿನ್ಯಾಗ ಹಿಡಿಸಿದ್ರೂ ನಡಿಯಂಗಿಲ್ರಿ. ಇದಕ್ಕ ಬೇಕಾದಷ್ಟು ಕರೆಂಟ್ ಕೊಡೂ ತಾಕತ್ತು ನಿಮ್ಮ ಹಳೇ ಮಿಷಿನ್‌ಗೆ ಇಲ್ಲ.”

“ಹಂಗಾದ್ರ ಏನ್ ತಗೋಬೇಕು?”

“ಕುಂದರ್ರಿ, ತೋರಸ್ತೇನಿ.”

ಮೊದಲು ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ತೋರಿಸಿದ. ನೋಡಲು ಚೆಂದ. ತಂಗಿಯ ವಿಡಿಯೋ ಹಾಕಿ, ಪಕ್ಕದಲ್ಲಿ ಇನ್ನೊಂದು ಇಟ್ಟು ಓಡಿಸಿದೆ. ಕೈ ತಡೆತಡೆದು ಬಂತು. ಮುಂದೆ ಇದಕ್ಕೆ ರ್ಯಾಮ್ ಹೆಚ್ಚಿಸಲು ಬರುತ್ತದೆಯೇ ಎಂದು ಕೇಳಿದೆ. ಇಲ್ಲ, ಒಳಗೇ ಬೆಸೆದುಬಿಟ್ಟಿದ್ದಾರೆ ಎಂದ. ಆಮೇಲೆ ಒಂದು ಕಪ್ಪು ಡಬ್ಬಿ ತಂದಿಟ್ಟ. ಯಾವುದೋ ಕಚೇರಿಯ ಮೇಜಿನ ಕೆಳಗೆ ಕೂತಿದ್ದದ್ದು, ಮೈತುಂಬ ಗೀರು. ಅದರ ಪ್ರೊಸೆಸರ್ ಚಿಪ್‌ನೊಳಗೇ ವಿಡಿಯೋ ಮೂಡಿಸುವ ಶಕ್ತಿಯಿದೆ, ಈಗಲೇ ಕಾರ್ಡು ಬೇಕಾಗಿಲ್ಲ ಎಂದ. ರ್ಯಾಮಿಗೆ ಖಾಲಿ ಜಾಗಗಳಿದ್ದವು. ಹಾಗೇ ಓಡಿಸಿದಾಗ ಅದೂ ತಡವರಿಸಿತು. ನಾನು ಹಟ ಹಿಡಿದೆ: ರ್ಯಾಮ್ ಇನ್ನೊಂದು ಹಾಕಿ ತೋರಿಸಿ, ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ ತೋರಿಸಿ. ಅವನು ಗೊಣಗುತ್ತ ಹಾಕಿದ. ತಂತ್ರಾಂಶ ಈ ಸಲ ಚಕ್ಕನೆ ತೆರೆಯಿತು. ಮೊದಲೇ ಮೊಬೈಲಿನಲ್ಲಿ ನೋಡಿಟ್ಟುಕೊಂಡಿದ್ದ ಒಂದು ಉಪಾಯವನ್ನೂ ಮಾಡಿದೆ. ದೊಡ್ಡ ವಿಡಿಯೋದ ಒಂದು ಹಗುರ ನಕಲು ಮಾಡಿಕೊಳ್ಳುವುದು, ಅದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಕತ್ತರಿಸುವಾಗ ನಕಲನ್ನು ಓಡಿಸಿ, ಕೊನೆಗೆ ಹೊರತೆಗೆಯುವಾಗ ಅಸಲಿಯನ್ನು ಹಚ್ಚಿದರೆ ಬಡ ಯಂತ್ರಕ್ಕೂ ಭಾರವಾಗುವುದಿಲ್ಲ.

ಓಡಿಸಿದೆ. ತಂಗಿಯ ಕೈ ನಿಲ್ಲದೆ, ನೀರಿನ ಹಾಗೆ ಹರಿಯಿತು. ಒಂದೊಂದು ಬೆರಳೂ ಕಾಣುತ್ತಿತ್ತು. ಅಂಗಡಿಯಲ್ಲಿದ್ದ ನಾಲ್ಕಾರು ಜನ ಬಂದು ಹಿಂದೆ ನಿಂತಿದ್ದರು.

“ಏನ್ ಅನ್ನಾಕತ್ತಾರ್ರಿ ಅವ್ರು?” ಎಂದು ಒಬ್ಬ ಕೇಳಿದ.

“ಒಬ್ರಿಗೆ ಬೈಯಾಕತ್ತಾಳ್ರಿ.”

“ಅಬಾಬಾ, ಚಲೋ ಬೈತಾರ ಬಿಡ್ರಿ!”

ಆ ಡಬ್ಬಿಯನ್ನೇ ತೆಗೆದುಕೊಂಡೆ. ಹಾನಗಲ್ಲಿನ ಕಾರ್ಡನ್ನು ಅಂಗಡಿಯವನು ಇಟ್ಟುಕೊಂಡು ಅದರ ಬದಲಿಗೆ ರ್ಯಾಮ್ ಕೊಟ್ಟ. ಪರದೆ, ಕೀಬೋರ್ಡು, ಮೌಸು ಹಳೆಯವೇ ಸಾಕು. ಹಳೆ ಹಾರ್ಡ್ ಡಿಸ್ಕನ್ನು ಕಡತಗಳನ್ನು ಇಟ್ಟುಕೊಳ್ಳಲು ಒಳಗೇ ಜೋಡಿಸಿಕೊಂಡೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಲಗೇಜು ಟಿಕೀಟು ಹಚ್ಚುತ್ತೇನೆ ಅಂದ. ಮಡಿಲಾಗ ಇಟ್ಕೊಂಡೇನಲ್ರಿ, ಸೀಟ್ ಏನ್ ಬೇಡೇತೇನು ಅಂದೆ. ನಕ್ಕು ಮುಂದಿನ ಸೀಟಿಗೆ ಹೋದ.

ಶೂಟಿಂಗಿಗೆ ಸವಣೂರಿಗೆ ಹೋದೆ. ಹಿತ್ತಿಲಿನಲ್ಲಿ ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆ ತಂಗಿಯನ್ನು ಕೂಡಿಸಿ, ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ನಿಲ್ಲಿಸಿದೆ. ಬೆರಳು ಮಂಜಾಗದಂತೆ ಸೆಕೆಂಡಿಗೆ ಹೆಚ್ಚು ಚಿತ್ರ ಹಿಡಿಯುವ ಹಾಗೆ ಇಟ್ಟುಕೊಂಡಿದ್ದೆ. ಕೈ ಎದ್ದು ಕಾಣಲಿ, ಸಾದಾ ಬಣ್ಣದ ಬ್ಲೌಸು ಹಾಕಿಕೋ ಎಂದರೆ ಅವಳು ಜರಿಯದೇ ಬೇಕೆಂದು ಜಗಳಾಡಿದಳು. ತಾನು ಹೊಲಿದದ್ದನ್ನು ಅತ್ತೆ ನೋಡಬೇಕಲ್ಲ.

ನೀರು, ಉಪ್ಪು, ಹಸಿವು, ಜ್ವರ, ಮುಟ್ಟು, ಹಲ್ಲುನೋವು. ನಾಳೆ, ನಿನ್ನೆ, ಸಂತೆಯ ದಿನ. ಬೇಡ, ಇಷ್ಟು ಸಾಕು, ನಾನೇ ಮಾಡುತ್ತೇನೆ, ನನ್ನನ್ನು ಒಬ್ಬಳನ್ನೇ ಬಿಡಿ. ಇಷ್ಟೊಂದು ಮಾತು ನಮ್ಮಲ್ಲಿ ಇತ್ತೆಂದು ನಮಗೇ ಗೊತ್ತಿರಲಿಲ್ಲ. ಅವ್ವ ಹಿತ್ತಿಲ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ‘ಅವ್ವ’ ಎನ್ನುವ ಸರದಿ ಬಂತು. ತಂಗಿ ಸೆರಗಿಗೆ ಎರಡೂ ಕೈ ಒರೆಸಿಕೊಂಡು ತೋರಿಸಿದಳು. ನಾನು ಬಾಯಲ್ಲಿ “ಅವ್ವ” ಎಂದೆ.

“ನನಗ ಹಿಂಗಂತೀರೇನು?” ಎಂದಳು ಅವ್ವ. ಇಷ್ಟು ವರ್ಷ ಅವಳೆದುರಿಗೇ ಆಡಿದ ಸನ್ನೆ. ಅವಳು ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಆಗತಾನೆ ಪಾತ್ರೆ ತೊಳೆದು ಬಂದಿದ್ದಳು, ಕೈ ಸೆರಗಿನಲ್ಲೇ ಇತ್ತು. ತಂಗಿ ಅದನ್ನು ತೋರಿಸಿ ಚಪ್ಪಾಳೆ ತಟ್ಟಿದಳು. ಅವ್ವ ನಗುತ್ತ ನಗುತ್ತ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೊನೆಗೆ ನಾನು ಖಾಲಿ ಜಾಗ ತಟ್ಟುವ ಸನ್ನೆಯನ್ನು ಮಾಡು ಎಂದೆ. ತಂಗಿ ಬೇಡವೆಂದು ತಲೆಯಾಡಿಸಿದಳು. ಮತ್ತೆ ಕೇಳಿದೆ. ಅವಳು ಎದ್ದು ಬಂದು ಫೋನನ್ನು ಮಗುಚಿಟ್ಟು ಹೇಳಿದಳು: “ಅದು ಅವರಿಗಲ್ಲ.”

ಚಿಕ್ಕೇರೂರಿಗೆ ಬಂದು ಕೆಲಸ ಶುರು ಮಾಡಿದೆ. ಮಧ್ಯಾಹ್ನ ಅಂಗಡಿಗೆ ಗಿರಾಕಿ ಕಡಿಮೆ. ಪ್ರಾಕ್ಸಿಗಳನ್ನು ಮಾಡಲು ಬಿಟ್ಟು ಊಟ ಮಾಡಿ ಬಂದು ಕೂತರೆ ಸಂಜೆಯವರೆಗೆ ಕತ್ತರಿಸುವುದು, ಜೋಡಿಸುವುದು, ಅಕ್ಷರ ಬರೆಯುವುದು. ಉತಾರಕ್ಕೆ ಬಂದವರು ಕಿಟಕಿಯಲ್ಲಿ ಬಗ್ಗಿ, “ಯಾರ್ರಿ ಇವ್ರು, ಟಿವ್ಯಾಗ ಬರ್ತಾರೇನು?” ಎನ್ನುತ್ತಿದ್ದರು. ನನ್ನ ತಂಗಿ ಎನ್ನುತ್ತಿದ್ದೆ. ಅವರಿಗೆ ಕೈ ಮಾತ್ರ ಕಾಣುತ್ತಿತ್ತು, ನನಗೆ ಮಾತು ಕೇಳಿಸುತ್ತಿತ್ತು. ಅವಳ ಮಾತು ಎಲ್ಲಿ ಮುಗಿಯುತ್ತದೆ ಎಂದು ನನಗೆ ನೋಡದೆಯೂ ಗೊತ್ತು. ಭುಜ ಸ್ವಲ್ಪ ಇಳಿಯುತ್ತದೆ, ರೆಪ್ಪೆ ಒಮ್ಮೆ ಮುಚ್ಚುತ್ತದೆ. ಕಣ್ಣು ಕಟ್ಟಿದರೂ ಅಲ್ಲೇ ಕತ್ತರಿ ಹಾಕುತ್ತಿದ್ದೆ.

ನನ್ನ ಮದುವೆಯಾದ ಮೇಲೆ ಅವಳೊಡನೆ ಅಷ್ಟು ಹೊತ್ತು ಕಳೆದದ್ದು ಆಗಲೇ. ಕೆಲಸ ಮುಗಿಯುತ್ತ ಬಂದ ಹಾಗೆ ನಾನು ನಿಧಾನ ಮಾಡತೊಡಗಿದೆ. ಸರಿಯಿದ್ದದ್ದನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದೆ. ಶುಂಠಿಯ ಚಿತ್ರ ಚೆನ್ನಾಗಿಲ್ಲ ಎಂದು ಬೇರೆ ಶುಂಠಿ ತರಿಸುತ್ತಿದ್ದೆ. ಮಳೆ ಬಂತು, ಪತ್ರಾಸು ಸೋರಿತು, ಗಂಡ ಬಕೆಟ್ ಇಡುತ್ತ ಕೇಳಿದ:

“ಇನ್ನೂ ಮುಗಿದಿಲ್ಲೇನು?”

“ಸ್ವಲ್ಪ ಐತ್ರಿ.”

ಅವನು ಪರದೆಯ ಮೇಲಿನ ತಂಗಿಯನ್ನೂ ನನ್ನನ್ನೂ ನೋಡಿದ. “ಇರ್ಲಿ, ಸಾವಕಾಶ ಮಾಡು” ಎಂದು ಡಬ್ಬಿಯ ಮೇಲೆ ಒಂದು ಹಳೆಯ ಛತ್ರಿ ಬಿಚ್ಚಿಟ್ಟು ಹೋದ.

ಮದುವೆ ಆಯಿತು. ತಂಗಿಯ ಜೊತೆ ಪೆನ್‌ಡ್ರೈವೂ ಹಾನಗಲ್ಲಿಗೆ ಹೋಯಿತು. ನೋಡಿ ಕಲಿಯುತ್ತೇನೆ ಎಂದಿದ್ದ ಅವಳ ಅತ್ತೆ ಮಾತಿಗೆ ತಪ್ಪಲಿಲ್ಲ. ಅಡುಗೆ ಮುಗಿಸಿ ಟಿವಿಯ ಮುಂದೆ ಕೂತು ಬೆರಳು ಮಡಿಚಿ ಮಡಿಚಿ ಕಲಿತರು. ಕೆಲವೇ ದಿನಗಳಲ್ಲಿ ನನಗೆ ಫೋನು ಮಾಡಿ, “ಅಕ್ಕಾರ, ಇವತ್ತ ಆಕಿ ಉಪ್ಪು ಕಡಿಮಿ ಆಗೇತಿ ಅಂದ್ಳರಿ. ನನಗ ತಿಳೀತು!” ಎಂದರು. ನನಗೆ ಸಂತೋಷವಾಯಿತು. ಫೋನು ಇಟ್ಟ ಮೇಲೆ ಯಾಕೋ ಕೈಗೆ ಕೆಲಸವೇ ಇಲ್ಲದಂತೆ ಕೂತೆ.

ಹಾನಗಲ್ಲು ನನಗೆ ಸವಣೂರಿಗಿಂತ ಹತ್ತಿರ. ಇನ್ನು ತಂಗಿ ಹತ್ತಿರವಾದಳು ಎಂದು ಎಲ್ಲರೂ ಅಂದರು, ನಾನೂ ಅಂದುಕೊಂಡೆ. ಆದರೆ ಅವಳ ಗಂಡ ಅವಳಿಗೆ ತನ್ನ ಭಾಷೆಯನ್ನು ಕಲಿಸತೊಡಗಿದ್ದ. ಶಾಲೆಯಲ್ಲಿ ಕಲಿಸುವ, ದೇಶದ ತುಂಬ ಕಿವುಡರು ಆಡುವ ಸಂಜ್ಞಾ ಭಾಷೆ. ತಿಂಗಳಿಗೊಮ್ಮೆ ಸುತ್ತಲಿನ ಊರುಗಳ ಕಿವುಡರು ಹಾನಗಲ್ಲಿನಲ್ಲಿ ಸೇರುತ್ತಾರೆ. ಅಲ್ಲಿಗೆ ಮೊದಲ ಸಲ ಹೋಗಿ ಬಂದ ದಿನ ಅವಳು ವಿಡಿಯೋ ಕಾಲ್ ಮಾಡಿದಳು. ಅವಳ ಮುಖ ಹಾಗೆ ಹೊಳೆದದ್ದನ್ನು ನಾನು ನೋಡಿರಲಿಲ್ಲ. ಒಂದು ಕೋಣೆಯ ತುಂಬ ಜನ, ಎಲ್ಲರೊಡನೆಯೂ ಮಾತು! ಹುಟ್ಟಿದಾಗಿನಿಂದ ಅವಳಿಗೆ ಮಾತಾಡಲು ಒಬ್ಬಳೇ ಇದ್ದಳು, ನಾನು. ಈಗ ಅವಳು ಯಾರೊಡನೆಯಾದರೂ ಜಗಳವಾಡಬಹುದು, ಯಾರದಾದರೂ ಚಾಡಿ ಹೇಳಬಹುದು.

ಅವಳ ಕೈ ಬದಲಾಗುತ್ತ ಬಂತು. ನಾಳೆ ಎನ್ನುವುದಕ್ಕೆ ಅವಳು ಮೊದಲು ಅಂಗೈಯನ್ನು ಕೆನ್ನೆಗಿಟ್ಟು, ನಿದ್ದೆ ಮಾಡಿ, ಕಣ್ಣು ತೆರೆಯುತ್ತಿದ್ದಳು. ಈಗ ಒಂದು ಚುಟುಕು ಸನ್ನೆ, ಮುಗಿಯಿತು. ನಾನು ತಡವರಿಸಿದರೆ ನನ್ನ ಮುಖ ನೋಡಿ ಕೂಡಲೇ ಹಳೆಯ ಸನ್ನೆಗೆ ಬರುತ್ತಿದ್ದಳು. ನಿಧಾನವಾಗಿ, ದೊಡ್ಡದಾಗಿ, ಮಕ್ಕಳಿಗೆ ಹೇಳುವ ಹಾಗೆ.

ನಾಗರ ಪಂಚಮಿಗೆ ಇಬ್ಬರೂ ಸವಣೂರಿಗೆ ಬಂದೆವು. ಪಡಸಾಲೆಯ ಜೋಕಾಲಿಯ ಮೇಲೆ ಜೊತೆಯಾಗಿ ಕೂತು ಶೇಂಗಾ ಉಂಡಿ ತಿನ್ನುತ್ತಿದ್ದೆವು. ಅವಳ ಗಂಡನ ವಿಡಿಯೋ ಕಾಲ್ ಬಂತು. ಫೋನನ್ನು ನನ್ನ ಕೈಗೆ ಕೊಟ್ಟು, ಹಿಡಿದುಕೋ ಎಂದು, ಎರಡೂ ಕೈಯಿಂದ ಮಾತಿಗೆ ನಿಂತಳು. ಎಂಥ ವೇಗ! ಇಬ್ಬರೂ ಏನಕ್ಕೋ ಬಿದ್ದು ಬಿದ್ದು ನಕ್ಕರು. ನಾನು ಫೋನು ಹಿಡಿದು ನಿಂತಿದ್ದೆ. ಮುಗಿದ ಮೇಲೆ, ಏನಂತೆ ಎಂದು ಕೇಳಿದೆ. ಅವಳು ಕಣ್ಣೊರೆಸಿಕೊಳ್ಳುತ್ತ, ಏನಿಲ್ಲ ಎಂದು ಕೈಯಾಡಿಸಿದಳು.

ಮದುವೆಮನೆಗಳಲ್ಲಿ, ಸಂಜೆ ಕಟ್ಟೆಯ ಮೇಲೆ ಹೆಂಗಸರ ನಡುವೆ, ಎಲ್ಲರೂ ನಕ್ಕಾಗ ಅವಳು ಒಬ್ಬೊಬ್ಬರ ಸೆರಗು ಜಗ್ಗಿ ಕೇಳುತ್ತಿದ್ದದ್ದು, ಅವರು ಹಾಗೆಯೇ ಕೈಯಾಡಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಕೈಯಲ್ಲಿ ಉಳಿದಿದ್ದ ಉಂಡಿಯನ್ನು ಮಾತ್ರ ತಟ್ಟೆಗೆ ಹಾಕಿದೆ.

ಈ ವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ ಗಂಡಹೆಂಡತಿ ಬೈಕಿನ ಮೇಲೆ ಚಿಕ್ಕೇರೂರಿಗೆ ಬಂದರು. ಕಿವುಡ ಹೆಣ್ಣುಮಕ್ಕಳಿಗೆ ಬ್ಲೌಸಿನ ಅಳತೆ, ಕಟಿಂಗ್ ಕಲಿಸಲು ತಂಗಿ ವಿಡಿಯೋ ಮಾಡಿದ್ದಳು, ತನ್ನ ಹೊಸ ಭಾಷೆಯಲ್ಲಿ. ನಾನು ಎಡಿಟ್ ಮಾಡಿಕೊಡಬೇಕು. ಹೊಸ ಫೋನಿನಲ್ಲಿ ತೆಗೆದ ದೊಡ್ಡ ದೊಡ್ಡ ವಿಡಿಯೋಗಳು. ನನ್ನ ಡಬ್ಬಿ ಮತ್ತೆ ತೂಕಡಿಸಿತು. ತಂಗಿಯ ಗಂಡ ಅದು ಗೊತ್ತಿದ್ದವನಂತೆ ಜೇಬಿನಿಂದ ಒಂದು ಪೊಟ್ಟಣ ತೆಗೆದ. ಹುಬ್ಬಳ್ಳಿಯಿಂದ ತಂದ ಇನ್ನೆರಡು ರ್ಯಾಮ್. ನಾನು ಪ್ಲಗ್ ತೆಗೆದೆ. ಅವನು ತಗಡಿನ ಕೆಲಸದವನು, ಮುಚ್ಚಳ ಬಿಚ್ಚಿ, ಒಳಗಿನ ದೂಳು ಊದಿ, ಹೆಬ್ಬೆರಳಿನಿಂದ ಒತ್ತಿ ಕೂಡಿಸಿದ. ಪಕ್ಕದಲ್ಲಿ ಅಂಗೈಯಗಲದ ಒಂದು ಚಿಕ್ಕ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿದ. ಬೇರೆ ವಯರು ಬೇಡದ, ಈ ಡಬ್ಬಿಯಲ್ಲಿ ಹಿಡಿಸುವಂಥದ್ದು. ಹಿಂದೊಮ್ಮೆ ಬಂದಾಗಲೇ ಅಳತೆ ಮಾಡಿಕೊಂಡು ಹೋಗಿದ್ದ.

ಪ್ರಾಕ್ಸಿ ಇಲ್ಲದೆಯೂ ಚಿತ್ರ ಓಡಿತು. ನಾನು ಮೌಸು ಹಿಡಿದು ಮೊದಲ ತುಂಡು ಕತ್ತರಿಸಿದೆ. ಇಬ್ಬರೂ ಒಟ್ಟಿಗೇ ಕೈಯೆತ್ತಿದರು.

“ಇನ್ನೂ ಮುಗಿದಿಲ್ಲ” ಎಂದಳು ತಂಗಿ.

ಹಿಂದೆ ಸರಿಸಿದೆ. ಇನ್ನಷ್ಟು ಮುಂದೆ ಕತ್ತರಿಸಿದೆ. ಈಗ ಮುಂದಿನ ಮಾತಿನ ತಲೆ ಹಾರಿಹೋಗಿತ್ತು. ಅವಳ ಭುಜವನ್ನು ನೋಡಿದೆ, ರೆಪ್ಪೆಯನ್ನು ನೋಡಿದೆ. ಆ ಗುರುತುಗಳು ಅಲ್ಲಿ ಇರಲಿಲ್ಲ, ಅಥವಾ ಬೇರೆಲ್ಲೋ ಇದ್ದವು. ಇದು ನನ್ನ ತಂಗಿಯೇ, ಅದೇ ಕೈ, ಅದೇ ಜರಿಯ ಬ್ಲೌಸು. ನನಗೆ ಅವಳ ಮಾತಿನ ತುದಿ ಸಿಗಲಿಲ್ಲ.

ಅವಳಿಗೆ ಅರ್ಥವಾಯಿತು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತು ನನ್ನ ಭುಜದ ಮೇಲೆ ಕೈಯಿಟ್ಟಳು. ಮಾತು ಮುಗಿದಲ್ಲಿ ಒತ್ತುತ್ತೇನೆ, ಕತ್ತರಿಸು ಎಂದಳು. ಹಾಗೇ ಮಾಡಿದೆವು. ಅವಳು ಒತ್ತುವಳು, ನಾನು ಕತ್ತರಿಸುವೆ. ಸಂಜೆ ಚಹಾದ ಹೊತ್ತಿಗೆ ಮುಗಿಯಿತು.

ಕಡೆಗೆ ಒಮ್ಮೆ ಪೂರ್ತಿ ಓಡಿಸಿದಾಗ ನಾನು ಸ್ಪೀಕರ್ ಹಚ್ಚಿದೆ. ಅವಳು ಸ್ಪೀಕರಿನ ದೀಪ ನೋಡಿ, ಇದರಲ್ಲಿ ಸದ್ದಿದೆಯೇ, ಏನು ಸದ್ದು ಎಂದು ಕೇಳಿದಳು. ಹೇಳಿದೆ. ನಿಮ್ಮ ಮನೆಯ ಹೊರಗೆ ಒಂದು ಟ್ರ್ಯಾಕ್ಟರ್ ಹೋಯಿತು. ನಿನ್ನ ಅತ್ತೆ ಪಾತ್ರೆ ಇಟ್ಟರು. ಕತ್ತರಿ ಬಟ್ಟೆಯ ಮೇಲೆ ಹೋಗುತ್ತಿದೆ.

“ಮತ್ತೆ?”

“ನೀನು” ಎಂದೆ. ಮಾತಾಡುವಾಗ ಅವಳ ಗಂಟಲಿನಿಂದ ಸಣ್ಣ ಸಣ್ಣ ಸ್ವರಗಳು ಬರುತ್ತವೆ. ಮೊದಲಿನಿಂದಲೂ ಬರುತ್ತವೆ. ಖುಷಿಯಾದರೆ ಒಂದು ತರಹ, ಬೇಸರವಾದರೆ ಇನ್ನೊಂದು ತರಹ. ಅದೊಂದು ಬದಲಾಗಿರಲಿಲ್ಲ. ಅವಳು ತನ್ನ ಗಂಟಲು ಮುಟ್ಟಿಕೊಂಡು ಗಂಡನ ಕಡೆ ನೋಡಿದಳು. ಅವನು ಭುಜ ಹಾರಿಸಿದ. ಅವನಿಗೇನು ಗೊತ್ತು.

ಸದ್ದು ತೆಗೆದುಬಿಡು, ನೋಡುವವರಿಗೆ ಯಾರಿಗೂ ಬೇಕಾಗಿಲ್ಲ ಎಂದಳು. ತೆಗೆದು, ಅವರ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಕತ್ತಲಾಗುವ ಮುಂಚೆ ಹಾನಗಲ್ಲು ಮುಟ್ಟಬೇಕೆಂದು ಹೊರಟರು.

ಸದ್ದಿರುವ ಪ್ರತಿಯನ್ನು ನಾನು ಅಳಿಸಲಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹಚ್ಚುತ್ತೇನೆ. ಅವಳ ಹೊಸ ಕೈಮಾತು ಇನ್ನೂ ಅಲ್ಪಸ್ವಲ್ಪವೇ ತಿಳಿಯುತ್ತದೆ, ಕಲಿಯುತ್ತಿದ್ದೇನೆ. ಕಣ್ಣು ದಣಿದರೆ ಪರದೆಯಿಂದ ಮುಖ ತಿರುಗಿಸಿ, ಬರೀ ಕೇಳುತ್ತ ಕೂರುತ್ತೇನೆ.